ಮೂಲ ಅಂಕಿಗಳನ್ನು ಅಳಿಸಬೇಡಿ

ಪ್ರಯೋಗದ ಅಳತೆಗಳನ್ನು ಎಕ್ಸೆಲ್ ಹಾಳೆಯಲ್ಲಿ ತುಂಬಿ, ಅಲ್ಲಲ್ಲಿಯೇ ತಿದ್ದಿಬಿಡುವ ಅಭ್ಯಾಸ ವಿದ್ಯಾರ್ಥಿಗಳಲ್ಲಿ ಉಂಟು. ಇದು ಶಾಯಿಯ ಮೇಲೆ ಶಾಯಿ ಬಳಿದಂತೆ. ಮೊದಲು ಏನಿತ್ತೆಂಬುದು ಯಾರಿಗೂ ತಿಳಿಯದು. 2016ರ ಆವೃತ್ತಿಯಿಂದ ಎಕ್ಸೆಲ್‌ನೊಳಗೇ ಅಡಕವಾಗಿರುವ ‘ಪವರ್ ಕ್ವೆರಿ’ಯಾದರೋ ಮೂಲ ಕಡತವನ್ನು ಮುಟ್ಟುವುದಿಲ್ಲ. ಖಾಲಿ ಸಾಲುಗಳನ್ನು ತೆಗೆದುದು, ಅಡ್ಡಲಾಗಿ ಹರಡಿದ ಹನ್ನೆರಡು ತಿಂಗಳ ಕಂಬಸಾಲುಗಳನ್ನು ಒಂದಕ್ಕೆ ಇಳಿಸಿದುದು, ಎಲ್ಲವನ್ನೂ ಹೆಜ್ಜೆ ಹೆಜ್ಜೆಯಾಗಿ ಬರೆದಿಡುತ್ತದೆ. ಬೇಡವಾದ ಹೆಜ್ಜೆಯನ್ನು ಕಿತ್ತುಹಾಕಬಹುದು. ನನ್ನ ಮಟ್ಟಿಗೆ, ವೇಗಕ್ಕಿಂತಲೂ ಇದೇ ಅದರ ದೊಡ್ಡ ಗುಣ.

ಹಾಗೆಂದು ಕಣ್ಣು ಮುಚ್ಚಿ ನಂಬಲಾಗದು. ‘ಸೆಪ್ಟ್1’ ಎಂಬ ಜೀನಿನ ಹೆಸರನ್ನು ಎಕ್ಸೆಲ್ ಸೆಪ್ಟೆಂಬರ್ 1 ಎಂದೇ ಬಗೆಯುತ್ತಿದ್ದುದರಿಂದ, 2020ರ ವೇಳೆಗೆ ವಿಜ್ಞಾನಿಗಳು ಆ ಹೆಸರನ್ನೇ ‘ಸೆಪ್ಟಿನ್1’ ಎಂದು ಬದಲಿಸಬೇಕಾಯಿತು! ಪವರ್ ಕ್ವೆರಿಯೂ ಅನೇಕ ವೇಳೆ ಅಂಕಿಗಳ ಪ್ರಕಾರವನ್ನು ತಾನೇ ಊಹಿಸಿ, ‘ಚೇಂಜ್ಡ್ ಟೈಪ್’ ಎಂಬ ಹೆಜ್ಜೆಯನ್ನು ಸೇರಿಸಿಬಿಡುತ್ತದೆ. ಅದನ್ನು ಮೊದಲು ಪರೀಕ್ಷಿಸತಕ್ಕದ್ದು. ಕ್ರಮಸಂಖ್ಯೆಗಳ ಮುಂದಿನ ಸೊನ್ನೆಗಳು ಉದುರಿಹೋಗುವುದು ಅಲ್ಲಿಯೇ.