ಬೆಕ್ಕಿಗೆ ನಮ್ಮ ವ್ರತವೇಕೆ?

ನಮ್ಮ ಬಿ.ಸಿ.ರೋಡಿನಲ್ಲಿ ಎರಡು ಬಗೆಯ ಬೆಕ್ಕುಪ್ರೇಮಿಗಳನ್ನು ಕಾಣುತ್ತೇನೆ. ಮೊಸರನ್ನ ಹಾಕಿ, ‘ನಮ್ಮ ಬೆಕ್ಕು ಮೀನು ಮುಟ್ಟುವುದಿಲ್ಲ’ ಎಂದು ಹೆಮ್ಮೆಪಡುವವರು ಒಂದು ಕಡೆ. ಮೊಬೈಲಿನಲ್ಲಿ ನೋಡಿ, ನಿನ್ನೆವರೆಗೆ ಅನ್ನ ತಿಂದ ಬೆಕ್ಕಿನ ಮುಂದೆ ಇವತ್ತು ಹಸಿ ಕೋಳಿ ಇಡುವವರು ಇನ್ನೊಂದು ಕಡೆ. ನನ್ನ ತಕರಾರು ಇಬ್ಬರ ಮೇಲೂ ಇದೆ.

ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶವನ್ನು ಅದರ ದೇಹ ಸಾಕಷ್ಟು ತಯಾರಿಸದು. ಅನ್ನ, ಬೇಳೆಯಲ್ಲಿ ಅದು ಸಿಗದು. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣು ಹಾಳಾಗುತ್ತದೆಂದು 1975ರಲ್ಲಿ, ಹೃದಯ ಸೋಲುತ್ತದೆಂದು 1987ರಲ್ಲಿ ವಿಜ್ಞಾನಿಗಳು ತೋರಿಸಿದರು. ‘ಅನ್ನ ತಿಂದೇ ಅಜ್ಜಿಮನೆಯ ಬೆಕ್ಕು ಬದುಕಿತ್ತಲ್ಲ’ ಎನ್ನುತ್ತೀರಾ? ಅದು ಬದುಕಿದ್ದು ಹಟ್ಟಿಯ ಇಲಿಗಳ ದಯೆಯಿಂದ. ಫ್ಲ್ಯಾಟಿನ ಬೆಕ್ಕಿಗೆ ಆ ಭಾಗ್ಯವೂ ಇಲ್ಲ.

ಹಾಗೆಂದು ಹಸಿ ಮಾಂಸವೇ ಪರಿಹಾರವಲ್ಲ. ಬೆಕ್ಕು ಇಲಿಯನ್ನು ಎಲುಬು, ಹೃದಯ ಸಮೇತ ತಿನ್ನುತ್ತದೆ. ನೀವು ಕೊಡುವುದು ಕೋಳಿಯ ಎದೆತುಂಡು ಮಾತ್ರ. ಅದರಲ್ಲಿ ಕ್ಯಾಲ್ಸಿಯಂ ಸಾಲದು. ಹಸಿ ಕೋಳಿಯ ಸಾಲ್ಮೊನೆಲ್ಲಾ ತಟ್ಟೆಯಿಂದ ಮಕ್ಕಳ ಕೈಗೂ ದಾಟೀತು. ಕೆಲವು ಹಸಿ ಮೀನುಗಳಲ್ಲಿರುವ ಕಿಣ್ವ ಬಿ1 ಜೀವಸತ್ವವನ್ನು ಕೆಡಿಸುತ್ತದೆ. ಬೇಯಿಸಿದರೆ ಆ ಕಾಟವಿಲ್ಲ.

ಉಪ್ಪು, ಖಾರ, ನೀರುಳ್ಳಿ ಹಾಕದೆ ಮೀನು, ಕೋಳಿ ಬೇಯಿಸಿ. ಟಾರಿನ್ ನೀರಿಗೂ ಇಳಿಯುವುದರಿಂದ ಬೇಯಿಸಿದ ನೀರನ್ನು ಚೆಲ್ಲಬೇಡಿ. ಅದೊಂದೇ ಪೂರ್ಣ ಆಹಾರವಲ್ಲ. ಟಾರಿನ್ ಸೇರಿಸಿದ ಕ್ಯಾಟ್ ಫುಡ್ ಜೊತೆಗಿರಲಿ. ಬದಲಾವಣೆ ಒಂದೇ ದಿನ ಬೇಡ, ವಾರವಿಡೀ ಸ್ವಲ್ಪ ಸ್ವಲ್ಪವಾಗಿ ಆಗಲಿ.

ಮನೆಯೊಳಗೆ ಮೀನು ಬೇಡವೆಂದರೆ ಆ ಪೊಟ್ಟಣವನ್ನಷ್ಟೇ ತನ್ನಿ. ಅದೂ ಮೈಲಿಗೆ ಎನ್ನುವವರು ದಯವಿಟ್ಟು ಮೊಲ ಸಾಕಿ.