ಬ್ರೂಟಸನದು ಭೋಳೆತನವೆ?

‘ಜೂಲಿಯಸ್ ಸೀಸರ್’ ನಾಟಕವನ್ನು ತರಗತಿಯಲ್ಲಿ ಓದಿದವರೆಲ್ಲ ಬಹುಮಟ್ಟಿಗೆ ಬ್ರೂಟಸನ ಪಕ್ಷದವರೇ. ನಾನೂ ಹಾಗೆಯೇ ಇದ್ದೆ. ಅವನು ಸತ್ಯವಂತ, ಲೋಕದ ವ್ಯವಹಾರವರಿಯದ ಭೋಳೆ ಮನುಷ್ಯ, ಆ ಭೋಳೆತನದಿಂದಲೇ ಕೆಟ್ಟನು ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕಗಳನ್ನೂ ಪಡೆದೆ. ಈಗ ಅದೇ ಪ್ರಶ್ನೆ ಬಂದರೆ ಹಾಗೆ ಬರೆಯಲಾರೆ.

ಅವನ ತಪ್ಪುಗಳು ಎಲ್ಲರಿಗೂ ತಿಳಿದವೇ. ಸೀಸರನೊಡನೆ ಆಂಟನಿಯನ್ನೂ ಮುಗಿಸಬೇಕೆಂದು ಕ್ಯಾಸಿಯಸ್ ಹೇಳಿದಾಗ ಬೇಡವೆಂದನು; ವಿಲಾಸಿಯಾದ ಆಂಟನಿಯಿಂದ ಏನಾದೀತೆಂದು ಅವನ ಎಣಿಕೆ. ಹೆಣದ ಮುಂದೆ ಭಾಷಣಮಾಡಲು ಆಂಟನಿಗೆ ಅಪ್ಪಣೆ ಕೊಟ್ಟನು. ಈ ಎರಡು ತಪ್ಪುಗಳನ್ನು ಗ್ರೀಕ್ ಚರಿತ್ರಕಾರ ಪ್ಲೂಟಾರ್ಕನೇ ಎತ್ತಿ ತೋರಿಸಿದ್ದಾನೆ. ಷೇಕ್ಸ್‌ಪಿಯರ್ ಅವನ ಗ್ರಂಥವನ್ನು 1579ರ ಇಂಗ್ಲಿಷ್ ಅನುವಾದದಲ್ಲಿ ಓದಿದ್ದನು. ಆದರೆ ಆ ಸಭೆಯನ್ನು ಷೇಕ್ಸ್‌ಪಿಯರ್ ನಮ್ಮ ಕಣ್ಣಮುಂದೆ ನಿಲ್ಲಿಸುವ ರೀತಿಯನ್ನು ನೋಡಬೇಕು. ಬ್ರೂಟಸ್ ಮೊದಲು ಮಾತನಾಡುತ್ತಾನೆ, ಅದೂ ಗದ್ಯದಲ್ಲಿ, ತರ್ಕಶಾಸ್ತ್ರದ ಪಾಠದಂತೆ. ಜನ ಜಯಕಾರ ಮಾಡುತ್ತಾರೆ. ಅವರಲ್ಲೊಬ್ಬ ಇವನನ್ನೇ ಸೀಸರನನ್ನಾಗಿ ಮಾಡೋಣವೆಂದು ಕೂಗುತ್ತಾನೆ! ಇನ್ನೊಬ್ಬ ಸೀಸರ್ ಹುಟ್ಟಬಾರದೆಂದು ತಾನೆ ಆ ಕೊಲೆ ನಡೆದದ್ದು? ತನ್ನ ಮಾತಿನ ಒಂದಕ್ಷರವೂ ಜನರಿಗೆ ಹತ್ತಿಲ್ಲವೆಂದು ಆ ಕ್ಷಣದಲ್ಲಿ ತಿಳಿಯಬೇಕಿತ್ತು. ತಿಳಿಯಲಿಲ್ಲ. ಎಲ್ಲರೂ ನಿಂತು ಆಂಟನಿಯ ಮಾತನ್ನು ಕೇಳಿರೆಂದು ಬೇಡಿಕೊಂಡು, ತಾನೊಬ್ಬನೇ ಹೊರಟುಹೋಗುತ್ತಾನೆ. ಶತ್ರುವಿಗೆ ಸಭೆಯನ್ನೂ ಕೂಡಿಸಿಕೊಟ್ಟು, ತಾನು ಕೇಳಲೂ ನಿಲ್ಲದೆ ಹೋದವನು ಅವನೊಬ್ಬನೇ ಇರಬೇಕು.

ಇದು ಭೋಳೆತನವೆ? ನನಗೆ ತೋರುವಂತೆ ಇದು ಭೋಳೆತನದ ವೇಷ ತೊಟ್ಟ ಅಹಂಕಾರ. ತನ್ನ ಕೈ ಶುದ್ಧವಾಗಿದ್ದರೆ ಸಾಕು, ಎದುರಿಗಿರುವವನ ಮುಖವನ್ನು ನೋಡಬೇಕಾಗಿಲ್ಲವೆಂಬ ನಂಬಿಕೆ. ಸಾರ್ಡಿಸ್ಸಿನ ಜಗಳವನ್ನೇ ನೋಡಿ. ರೈತರನ್ನು ಹಿಂಡಿ ಹಣ ತರುವುದು ತನ್ನಿಂದಾಗದು ಎನ್ನುತ್ತಾನೆ. ಅದೇ ಉಸಿರಿನಲ್ಲಿ, ಕೇಳಿದಾಗ ಹಣ ಕೊಡಲಿಲ್ಲವೆಂದು ಕ್ಯಾಸಿಯಸನ ಮೇಲೆ ಹರಿಹಾಯುತ್ತಾನೆ. ಕ್ಯಾಸಿಯಸನಿಗೆ ಆ ಹಣ ಎಲ್ಲಿಂದ ಬರಬೇಕಿತ್ತೆಂದು ಕೇಳಿಕೊಳ್ಳುವುದಿಲ್ಲ. ಸ್ವಲ್ಪ ಹೊತ್ತಿಗೆ ಫಿಲಿಪ್ಪಿಗೆ ದಂಡೆತ್ತಿ ಹೋಗುವ ವಿಚಾರ ಬಂದಾಗ, ಶತ್ರುವೇ ನಡೆದು ಬಂದು ದಣಿಯಲಿ ಎಂದ ಕ್ಯಾಸಿಯಸನ ಮಾತನ್ನು ಪೂರ್ತಿ ಕೇಳುವ ತಾಳ್ಮೆಯೂ ಇಲ್ಲ. (ಮೂರು ಸಲವೂ ಸರಿಯಾದುದನ್ನು ಬಲ್ಲ ಕ್ಯಾಸಿಯಸ್ ಮೂರು ಸಲವೂ ಏಕೆ ತಲೆಬಾಗಿದನೆಂದು ನನಗೆ ಅವನ ಮೇಲೂ ಸಿಟ್ಟು. ಬ್ರೂಟಸನ ಒಳ್ಳೆಯ ಹೆಸರು ಅವನಿಗೆ ಬೇಕಾಗಿತ್ತು. ಅದಕ್ಕೆ ತೆತ್ತ ಬೆಲೆ ಅದು.)

ಇಷ್ಟು ಕಟುವಾಗಿ ಬರೆಯಲು ನನಗೇನು ಅಧಿಕಾರವೆಂದು ಓದುಗರು ಕೇಳಬಹುದು. ಕಳೆದ ವರ್ಷ ನಾನು ಹಾಸ್ಟೆಲಿನ ಊಟದ ಲೆಕ್ಕ ನೋಡುವ ಕಾರ್ಯದರ್ಶಿಯಾಗಿದ್ದೆ. ಒಂದು ಕಾಸನ್ನೂ ಮುಟ್ಟಲಿಲ್ಲ. ಆ ಹೆಮ್ಮೆಯಲ್ಲಿ, ಅಂಗಡಿಯಿಂದ ಬಂದ ಚೀಟಿಗಳನ್ನು ಓದದೆಯೇ ರುಜು ಹಾಕುತ್ತಿದ್ದೆ. ಗೆಳೆಯನೊಬ್ಬ ಅಕ್ಕಿಯ ತೂಕ ನೋಡು ಎಂದಾಗ ಅವನದು ಸಂಶಯದ ಬುದ್ಧಿ ಎಂದುಬಿಟ್ಟೆ. ವರ್ಷದ ಕೊನೆಗೆ ಬಾಕಿ ಬೆಳೆದು, ಹುಡುಗರೆಲ್ಲರೂ ಹೆಚ್ಚಿಗೆ ಹಣ ಕಟ್ಟಬೇಕಾಯಿತು. ಕಟ್ಟಲಾರದೆ ಒಬ್ಬನು ಹಾಸ್ಟೆಲನ್ನೇ ಬಿಟ್ಟನು. ನನ್ನನ್ನು ಯಾರೂ ಕಳ್ಳನೆನ್ನಲಿಲ್ಲ. “ಪಾಪ, ಭೋಳೆ” ಎಂದರು. ಆ ಮಾತನ್ನು ಕೇಳಿದ ರಾತ್ರಿಯೇ ನಾನು ಬ್ರೂಟಸನನ್ನು ಮತ್ತೆ ಓದಿದ್ದು.

ಆದರೂ ಅವನನ್ನು ದ್ವೇಷಿಸಲಾರೆ. ಸಾಯುವ ಮುನ್ನ ಅವನು, ತನ್ನ ಬಾಳಿನಲ್ಲಿ ತನಗೆ ದ್ರೋಹ ಬಗೆದವರು ಯಾರೂ ಇಲ್ಲವೆಂದು ಸಂತೋಷಪಡುತ್ತಾನೆ. ರೋಮಿನ ಪ್ರಜೆಗಳ ಮೊರೆಯೆಂದು ನಂಬಿ ಕತ್ತಿ ಹಿಡಿಯಲು ಕಾರಣವಾದ ಕಾಗದಗಳು, ಅವನ ಕಿಟಕಿಯಿಂದ ಒಳಗೆ ಬಿದ್ದವು, ಕ್ಯಾಸಿಯಸ್ ಬೇರೆ ಬೇರೆ ಅಕ್ಷರಗಳಲ್ಲಿ ಹುಟ್ಟಿಸಿದವು. ಅದು ಬ್ರೂಟಸನಿಗೆ ಎಂದಾದರೂ ತಿಳಿಯಿತೆಂದು ನಾಟಕದಲ್ಲಿ ಎಲ್ಲಿಯೂ ಇಲ್ಲ.