ಸಾಮರ್ಥ್ಯ ಟೈಪಿನ ಒಳಗಿರಬೇಕೆ, ಹೊರಗಿರಬೇಕೆ?

ಪಟ್ಟಿಯಲ್ಲಿ ಅಂಕಿಗಳಿರಲಿ, ಹೆಸರುಗಳಿರಲಿ, ಅದನ್ನು ಕ್ರಮವಾಗಿ ಜೋಡಿಸುವ ವಿಧಾನ ಒಂದೇ. ಅದನ್ನು ಒಮ್ಮೆ ಬರೆದು ಎಲ್ಲ ಟೈಪುಗಳಿಗೂ ಬಳಸುವುದು ಜನೆರಿಕ್ ಪ್ರೋಗ್ರಾಮಿಂಗ್. ಆದರೆ ಜೋಡಿಸಲು ಎರಡರಲ್ಲಿ ಯಾವುದು ಮೊದಲೆಂದು ತಿಳಿಯಬೇಕು. ಈ ಹೋಲಿಕೆಯ ಸಾಮರ್ಥ್ಯ ಎಲ್ಲಿಂದ ಬರಬೇಕು?

ಜಾವಾದಲ್ಲಿ ಕ್ಲಾಸು ತಾನು 'ಕಂಪೇರಬಲ್' ಎಂದು ತನ್ನ ವ್ಯಾಖ್ಯೆಯಲ್ಲೇ ಘೋಷಿಸುತ್ತದೆ. ಬೇರೆಯವರು ಬರೆದ ಕ್ಲಾಸಿನಲ್ಲಿ ಆ ಘೋಷಣೆ ಇಲ್ಲದಿದ್ದರೆ ಅದನ್ನು ತಿದ್ದುವಂತಿಲ್ಲ. ಪ್ರತ್ಯೇಕ 'ಕಂಪೇರೇಟರ್' ಕೊಡಬಹುದು, ಆದರೆ ಅದನ್ನು ಪ್ರತಿ ಸಲವೂ ಕೈಯಾರೆ ಒಪ್ಪಿಸಬೇಕು. ಫಿಲಿಪ್ ವಾಡ್ಲರ್ ಮತ್ತು ಸ್ಟೀಫನ್ ಬ್ಲಾಟ್ 1989ರಲ್ಲಿ ಮಂಡಿಸಿದ, ಹ್ಯಾಸ್ಕೆಲ್ ಭಾಷೆ ಅಳವಡಿಸಿಕೊಂಡ ಟೈಪ್ ಕ್ಲಾಸ್‌ಗಳಲ್ಲಿ ಸಾಮರ್ಥ್ಯ ಟೈಪಿನ ಹೊರಗಿರುತ್ತದೆ. ಅದನ್ನು ಹುಡುಕಿ ತರುವ ಕೆಲಸ ಕಂಪೈಲರಿನದು.

ಮಾರ್ಟಿನ್ ಒಡರ್ಸ್ಕಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ರೂಪಿಸಿ 2004ರಲ್ಲಿ ಹೊರತಂದ ಸ್ಕಾಲಾ ಭಾಷೆ ಜಾವಾದ ಆಬ್ಜೆಕ್ಟ್ ಪರಂಪರೆಯನ್ನೂ ಹ್ಯಾಸ್ಕೆಲ್‌ನ ಫಂಕ್ಷನಲ್ ಪರಂಪರೆಯನ್ನೂ ಬೆಸೆದು, ಎರಡೂ ದಾರಿಗಳನ್ನು ತೆರೆದಿಟ್ಟಿತು. ಅಲ್ಲಿ 'ಆರ್ಡರ್ಡ್' ಆನುವಂಶಿಕತೆಯಿಂದ ಬರುತ್ತದೆ. 'ಆರ್ಡರಿಂಗ್' ಪ್ರತ್ಯೇಕ ಮೌಲ್ಯವಾಗಿ ನಿಂತು, ಕಂಪೈಲರ್ ಮೂಲಕ ತಾನಾಗಿ ಒದಗುತ್ತದೆ. ಒಂದೇ ಹೆಸರುಗಳ ಪಟ್ಟಿಯನ್ನು ಒಮ್ಮೆ ಅಕ್ಷರಕ್ರಮದಲ್ಲಿ, ಇನ್ನೊಮ್ಮೆ ಉದ್ದದ ಕ್ರಮದಲ್ಲಿ ಜೋಡಿಸಬೇಕಾದಾಗ ಎರಡನೆಯ ದಾರಿಯ ಮೇಲ್ಮೆ ಸ್ಪಷ್ಟ. ಆನುವಂಶಿಕತೆ ಒಂದು ಟೈಪಿಗೆ ಒಂದೇ ಕ್ರಮವನ್ನು ಕಟ್ಟಿಹಾಕುತ್ತದೆ.

ಈ ಎರಡು ಪರಂಪರೆಗಳು ನಿಜವಾಗಿ ಒಂದಕ್ಕೊಂದು ನೆರವಾಗುವುದು ಉಪಟೈಪುಗಳ ವಿಷಯದಲ್ಲಿ. ಜಾವಾದಲ್ಲಿ ಸ್ಟ್ರಿಂಗ್ ಆಬ್ಜೆಕ್ಟ್‌ನ ಉಪಟೈಪಾದ್ದರಿಂದ, ಸ್ಟ್ರಿಂಗ್‌ಗಳ ಅರೇಯನ್ನು ಆಬ್ಜೆಕ್ಟ್‌ಗಳ ಅರೇ ಎಂದು ಪರಿಗಣಿಸಬಹುದು. ಅದರೊಳಗೆ ಅಂಕಿಯನ್ನಿಡುವ ಸಾಲನ್ನು ಕಂಪೈಲರ್ ಒಪ್ಪುತ್ತದೆ. ಪ್ರೋಗ್ರಾಂ ಓಡುವಾಗ ದೋಷ ಸಿಡಿಯುತ್ತದೆ. ಸ್ಕಾಲಾದ ಅರೇಗೆ ಈ ಸಲಿಗೆ ಇಲ್ಲ, 'ಲಿಸ್ಟ್'ಗೆ ಇದೆ. ಲಿಸ್ಟ್ ಒಮ್ಮೆ ಕಟ್ಟಿದ ಮೇಲೆ ಬದಲಾಗದು. ಬರೆಯಲಾಗದ ಕಡೆ ತಪ್ಪು ಟೈಪನ್ನು ತುರುಕುವ ಪ್ರಶ್ನೆಯೇ ಏಳುವುದಿಲ್ಲ. ಫಂಕ್ಷನಲ್ ಪರಂಪರೆಯ ಶಿಸ್ತೇ ಇಲ್ಲಿ ಆಬ್ಜೆಕ್ಟ್ ಪರಂಪರೆಯ ಸ್ವಾತಂತ್ರ್ಯವನ್ನು ಸುರಕ್ಷಿತವಾಗಿಸುತ್ತದೆ. ಈ ಲಾಭವೊಂದೇ ಸಂಯೋಗವನ್ನು ಸಮರ್ಥಿಸಲು ಸಾಕು.

ಬೆಲೆಯೂ ಇದೆ. ತಾನಾಗಿ ಒದಗುವ ಮೌಲ್ಯ ಎಲ್ಲಿಂದ ಬಂತೆಂದು ಓದುವವರಿಗೆ ಕಾಣುವುದಿಲ್ಲ. 2010ರ ಸ್ಕಾಲಾ 2.8ರಲ್ಲಿ, 'ಮ್ಯಾಪ್'ನಂಥ ಸರಳ ಕ್ರಿಯೆಯ ಘೋಷಣೆಗೂ 'ಕ್ಯಾನ್‌ಬಿಲ್ಡ್‌ಫ್ರಮ್' ಎಂಬ ಅಡಗಿದ ನಿಯತಾಂಕ ಸೇರಿ, ಅದು ಹೊಸಬರಿಗೆ ಅರ್ಥವಾಗದ ಹಾಗಾಯಿತು. 2019ರ 2.13 ಅದನ್ನು ಕೈಬಿಟ್ಟಿತು. 2021ರ ಸ್ಕಾಲಾ 3, 'ಗಿವನ್' ಮತ್ತು 'ಯೂಸಿಂಗ್' ಪದಗಳಿಂದ ಉದ್ದೇಶವನ್ನು ಕೋಡಿನಲ್ಲೇ ತೋರಿಸಿತು.

ಆ ಬೆಲೆ ಹೀಗೆ ತಗ್ಗಿರುವುದರಿಂದ ಲೈಬ್ರರಿ ಬರೆಯುವವರು ಹೋಲಿಕೆ, ಕೂಡಿಕೆ, ಮುದ್ರಣದಂಥ ಸಾಮರ್ಥ್ಯಗಳನ್ನು ಟೈಪಿನ ಹೊರಗಿಡುವುದು ಒಳ್ಳೆಯದು. ಆನುವಂಶಿಕತೆಯನ್ನು ವಸ್ತುವಿನ ಸ್ವರೂಪಕ್ಕೇ ಸೇರಿದ ಸಂಗತಿಗಳಿಗೆ ಮೀಸಲಿಡಬೇಕು.